ಆರ್ಲೋ ಬೇಡವೆಂದ ಬೆಳಕು

"ಮಾತಾಡುವಾಗ ಮುಖ ನೋಡಿ ಮಾತಾಡ್ರೀ! ನಾನೇನು ನಿಮ್ಮ ಕಣ್ಣಿಗೆ ಕಾಣಲ್ವಾ?"

ಅಮೆರಿಕದ ಮ್ಯಾಡಿಸನ್ ಊರಿನ ಶನಿವಾರದ ಸಂತೆಯ ಗದ್ದಲದಲ್ಲೂ ಆ ದನಿ ಅಕ್ಕಪಕ್ಕದ ಅಂಗಡಿಗಳವರೆಗೆ ಕೇಳಿಸಿತು. ಜೇನು ಮಾರುತ್ತಿದ್ದ ಮುದುಕ ಕತ್ತೆತ್ತಿ ನೋಡಿದ.

ಕೂಗಿದವಳು ಮಾರಿಟ್. ಎದುರಿಗೆ ನಿಂತಿದ್ದವನು ಚೀಸ್ ಮಾರುವ ಎತ್ತರದ ಯುವಕ. ಅವಳು ಬಂದಾಗಿನಿಂದ ಅವನು ಅವಳ ಮುಖ ಬಿಟ್ಟು ಪಕ್ಕಕ್ಕೆ ಎಲ್ಲೋ ನೋಡುತ್ತಿದ್ದ.

ಅವಳ ಕೋಟಿನ ಮೇಲೆ ವಿಶ್ವವಿದ್ಯಾಲಯದ ಪ್ರಯೋಗಾಲಯದ ಬಿಲ್ಲೆಯಿತ್ತು. ಅದನ್ನು ಕಂಡರೆ ಮುಖ ತಿರುಗಿಸುವವರು ಆ ಊರಲ್ಲಿ ಕಡಿಮೆಯೇನಿರಲಿಲ್ಲ. ಅಂದು ಬೆಳಿಗ್ಗೆ ತಾನೇ, ಪ್ರಯೋಗಾಲಯದ ಬಾಗಿಲಲ್ಲಿ ಪ್ರತಿಭಟನೆಯ ಫಲಕ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಅವಳನ್ನು 'ಕೊಲೆಗಾತಿ' ಅಂದಿದ್ದಳು. ನುಂಗಿಕೊಂಡಿದ್ದ ಆ ಸಿಟ್ಟು ಈಗ ಈ ಚೀಸಿನವನ ಮೇಲೆ ಸಿಡಿದಿತ್ತು.

ಅವನು ಕೈಯಲ್ಲಿದ್ದ ಚಾಕು ಕೆಳಗಿಟ್ಟ.

"ನೋಡ್ತಾನೇ ಇದೀನಿ ಮೇಡಂ. ನೇರ ನೋಡಿದ್ರೆ ನಿಮ್ಮ ಮುಖ ಮಾಯ ಆಗ್ಬಿಡುತ್ತೆ. ಪಕ್ಕಕ್ಕೆ ನೋಡಿದ್ರೆ ಅಂಚಾದ್ರೂ ಉಳ್ಕೊಳ್ಳುತ್ತೆ. ಸದ್ಯಕ್ಕೆ ನಿಮ್ಮ ಒಂದು ಕಿವಿ ಕಾಣ್ತಿದೆ. ಕೋಪಕ್ಕೆ ಕೆಂಪಾಗಿರಬೇಕು, ಅಲ್ವಾ?"

ಮಾರಿಟ್ ತನ್ನ ಕಿವಿ ಮುಟ್ಟಿಕೊಂಡಳು.

ಆ ಕಾಯಿಲೆ ಅವಳಿಗೆ ಗೊತ್ತಿತ್ತು. ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು! ಕಣ್ಣಿನ ಒಳಪರದೆಯ ಹಿಂದೆ ಹಾಸಿರುವ ಕಂದು ಜೀವಕೋಶಗಳು ಒಂದೊಂದಾಗಿ ಸಾಯುತ್ತವೆ. ನಟ್ಟನಡುವಿನ ನೋಟ ಮೊದಲು ಹೋಗುತ್ತದೆ. ಅದೇ ಕಂದು ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದೇ ಅವಳ ಕೆಲಸ.

"ಕ್ಷಮಿಸಿ... ನಂಗೆ ಗೊತ್ತಾಗ್ಲಿಲ್ಲ..."

"ಕ್ಷಮೆ ಬೇಡ, ಚೀಸ್ ತಗೊಳ್ಳಿ. ನಮ್ಮಪ್ಪ ಮಾಡಿದ ಲಿಂಬರ್ಗರ್ ಇದೆ. ಇದನ್ನ ಮನೇಲಿಟ್ರೆ ನಾತಕ್ಕೆ ನೆಂಟರು ಯಾರೂ ಬರಲ್ಲ, ಗ್ಯಾರಂಟಿ!"

ಅವಳು ನಕ್ಕುಬಿಟ್ಟಳು. ನಗುತ್ತ ನಗುತ್ತಲೇ ಕಣ್ಣು ತುಂಬಿಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಅವನ ಹೆಸರು ಆರ್ಲೋ ಓಡರ್ಮಾಟ್. ದಕ್ಷಿಣಕ್ಕಿರುವ ಮನ್ರೋ ಎಂಬ ಊರಿನವನು. ಸ್ವಿಟ್ಜರ್ಲೆಂಡಿನಿಂದ ಬಂದ ಮುತ್ತಜ್ಜನ ಕಾಲದಿಂದಲೂ ಅವರದು ಚೀಸ್ ಮಾಡುವ ಮನೆತನ.

ಮುಂದಿನ ಶನಿವಾರ ಮಾರಿಟ್ ಮತ್ತೆ ಹೋದಳು. ಅದರ ಮುಂದಿನ ಶನಿವಾರವೂ ಹೋದಳು. 'ಚೀಸ್ ಮುಗಿದಿತ್ತು' ಅನ್ನುವ ನೆಪ ಸಾಲದಾದಾಗ ನೆಪ ಹೇಳುವುದನ್ನೇ ಬಿಟ್ಟಳು.

'ನೀವು' ಹೋಗಿ 'ನೀನು' ಆಯಿತು. ಸಂತೆ ಮುಗಿದ ಮೇಲೆ ಕೆರೆಯಂಚಿಗೆ ನಡೆದುಹೋಗುವುದು ಅಭ್ಯಾಸವಾಯಿತು.

"ನೀನು ಯೂನಿವರ್ಸಿಟೀಲಿ ಏನ್ ಮಾಡ್ತೀಯಾ?" ಒಮ್ಮೆ ಕೇಳಿದ.

"ಜೀವಕೋಶಗಳಿಗೆ ಊಟ ಹಾಕ್ತೀನಿ. ದಿನಾ ಹಾಕ್ಬೇಕು. ಭಾನುವಾರ, ಕ್ರಿಸ್‌ಮಸ್ಸು ಏನೂ ಇಲ್ಲ. ಒಂದು ದಿನ ಮರೆತ್ರೂ ಮುನಿಸ್ಕೊಂಡು ಸಾಯೋಕೆ ಶುರು ಮಾಡ್ತವೆ."

"ನಮ್ಮ ಹಸುಗಳ ಥರಾನೇ!"

ಅವಳು ಅಷ್ಟಕ್ಕೇ ನಿಲ್ಲಿಸಿದಳು. ಆ ಜೀವಕೋಶಗಳು ಎಲ್ಲಿಂದ ಬಂದವು ಅನ್ನುವುದನ್ನು ಹೇಳಲಿಲ್ಲ. ಅವನ ಕೊರಳಲ್ಲಿ ಪುಟ್ಟ ಬೆಳ್ಳಿಯ ಶಿಲುಬೆಯಿತ್ತು.

'ಹೇಳ್ತೀನಿ... ಇವತ್ತಲ್ಲ... ಮುಂದಿನ ವಾರ...'

ಆ ಮುಂದಿನ ವಾರ ಬರಲೇ ಇಲ್ಲ. ಅದಕ್ಕೆ ಮೊದಲೇ ಇನ್ನೊಂದು ಸುದ್ದಿ ಬಂತು. ಅವಳು ಬೆಳೆಸುವಂಥ ಜೀವಕೋಶಗಳನ್ನು ಮೊತ್ತಮೊದಲ ಬಾರಿಗೆ ಮನುಷ್ಯರ ಕಣ್ಣಿಗೆ ಹಾಕಿ ನೋಡಲು ದೂರದ ಆಸ್ಪತ್ರೆಯೊಂದು ಸಿದ್ಧವಾಗಿತ್ತು. ಬೇಕಾಗಿದ್ದವರು ಕೆಲವೇ ಮಂದಿ. ಆರ್ಲೋನ ಕಾಯಿಲೆಯವರೇ!

ಮಾರಿಟ್ ಹಿಂದುಮುಂದು ನೋಡದೆ ಅಲ್ಲಿನ ವೈದ್ಯರಿಗೆ ಫೋನ್ ಮಾಡಿ ಆರ್ಲೋನ ಹೆಸರು, ನಂಬರು ಕೊಟ್ಟಳು.

ಆರ್ಲೋನನ್ನು ಮಾತ್ರ ಕೇಳಲಿಲ್ಲ. ಪ್ರೀತಿಯ ಆತುರವೇ ಹಾಗೆ!

ಆ ಭಾನುವಾರ ಅವನ ಅಕ್ಕ ಕೋಲೆಟ್‌ಳ ಮನೆಯಲ್ಲಿ ಮಾರಿಟ್‌ಗೂ ಊಟ. ಪ್ರಾರ್ಥನೆ ಮುಗಿಸಿ ಬಂದವರೆಲ್ಲ ಮೇಜಿನ ಸುತ್ತ ಕೂತಿದ್ದರು. ಕೋಲೆಟ್‌ಳ ಪುಟ್ಟ ಮಗಳು ಪಿಯಾ ಸೀದಾ ಬಂದು ಆರ್ಲೋನ ತೊಡೆ ಏರಿದಳು.

"ಮಾಮ, ನನ್ನ ಹಲ್ಲು ಅಲ್ಲಾಡ್ತಿದೆ! ಮುಟ್ಟಿ ನೋಡು!"

"ನಾನು ಮುಟ್ಟಿದ್ರೆ ನೀನು ಕಚ್ಚಿಬಿಟ್ರೆ?"

"ಕಚ್ಚಲ್ಲ... ಮೆಲ್ಲಗೆ ಕಚ್ತೀನಿ!"

ಎಲ್ಲರೂ ನಕ್ಕರು. ಮಾರಿಟ್‌ಗೆ ಆಲೂಗಡ್ಡೆ ಬಡಿಸುತ್ತ ಕೋಲೆಟ್ ಮಗಳ ತಲೆ ನೇವರಿಸಿದಳು. "ನಮಗೆ ಮಕ್ಕಳಾಗ್ಲಿಲ್ಲ ಕಣಮ್ಮ. ಯಾರೋ ದಂಪತಿ ಪ್ರನಾಳ ಶಿಶು ಮಾಡಿಸ್ಕೊಂಡು, ಉಳಿದ ಭ್ರೂಣಗಳನ್ನ ಆಸ್ಪತ್ರೆ ಶೀತಲಪೆಟ್ಟಿಗೇಲಿ ಬಿಟ್ಟಿದ್ರು. ಅದರಲ್ಲಿ ಒಂದನ್ನ ನಾವು ದತ್ತು ತಗೊಂಡ್ವಿ. ನಾನೇ ಹೊತ್ತೆ, ನಾನೇ ಹೆತ್ತೆ. ಈ ಬಾಯಿಬಡುಕಿ ವರ್ಷಗಟ್ಟಲೆ ಹಿಮದಲ್ಲಿ ಮಲಗಿದ್ದವಳು!"

ಮಾರಿಟ್ ಫೋರ್ಕು ಕೆಳಗಿಟ್ಟು ಪಿಯಾಳನ್ನು ನೋಡಿದಳು.

ಅವಳು ಬೆಳೆಸುವ ಕಂದು ಜೀವಕೋಶಗಳ ಮೂಲವಾದ ಸ್ಟೆಮ್ ಸೆಲ್‌ಗಳೂ ಅಂಥದ್ದೇ ಪೆಟ್ಟಿಗೆಯಿಂದ ಬಂದಿದ್ದವು. ಐದು ದಿನದ ಭ್ರೂಣ, ಸೂಜಿಮೊನೆಯಷ್ಟು. ತಂದೆತಾಯಿ ಒಪ್ಪಿ ಕೊಟ್ಟದ್ದು. ಇಲ್ಲದಿದ್ದರೆ ಕಸಕ್ಕೆ ಹೋಗುತ್ತಿದ್ದದ್ದು. ಈ ಮಾತುಗಳನ್ನು ಅವಳು ಎಷ್ಟೋ ಸಭೆಗಳಲ್ಲಿ ನಿರರ್ಗಳವಾಗಿ ಹೇಳಿದ್ದಳು.

ಇಂದು ಆ ಮಾತಿಗೆ ಅಲ್ಲಾಡುವ ಹಲ್ಲೊಂದಿತ್ತು. ಅದು ಅವಳನ್ನೇ ನೋಡಿ ನಗುತ್ತಿತ್ತು.

ಮರುದಿನ ಆಸ್ಪತ್ರೆಯಿಂದ ಆರ್ಲೋಗೆ ಫೋನ್ ಬಂತು. ಸಂಜೆಯಾಗುವ ಮೊದಲೇ ಅವನು ಮಾರಿಟ್‌ಳ ಮನೆ ಬಾಗಿಲಲ್ಲಿದ್ದ.

"ಅದಕ್ಕೇನಾ ಪ್ರತಿ ಶನಿವಾರ ಬರ್ತಿದ್ದಿದ್ದು?" ಒಳಗೆ ಬರದೆಯೇ ಕೇಳಿದ. "ಪ್ರಯೋಗಕ್ಕೆ ಒಂದು ಜೊತೆ ಕಣ್ಣು ಬೇಕಿತ್ತು ಅಂತಾನಾ?"

"ಆರ್ಲೋ! ಹಾಗಲ್ಲ..."

"ಆ ಜೀವಕೋಶಗಳು ಎಲ್ಲಿಂದ ಬಂದವು? ಅಲ್ಲಿನ ಡಾಕ್ಟರ್ ಹೇಳಿದ್ರು. ನಿನ್ನ ಬಾಯಲ್ಲಿ ಕೇಳ್ಬೇಕು ನಂಗೆ."

"ಭ್ರೂಣದಿಂದ."

ಅವನು ಮೆಟ್ಟಿಲ ಕಡೆ ತಿರುಗಿದ.

"ಕೇಳಿಲ್ಲಿ," ಮಾರಿಟ್ ಬೇಡಿಕೊಂಡಳು. "ಅದು ಎಷ್ಟೋ ವರ್ಷದ ಹಿಂದಿನದು. ಅದೇ ಜೀವಕೋಶಗಳು ಇವತ್ತಿಗೂ ಬೆಳೀತಾನೇ ಇವೆ. ನಿನಗಾಗಿ ಹೊಸದಾಗಿ ಯಾವುದನ್ನೂ ಒಡೆಯಲ್ಲ. ನೀನು ಬೇಡ ಅಂದ್ರೂ ಅದು ವಾಪಸ್ ಬರಲ್ಲ!"

"ಗೊತ್ತು. ನಾನು ಬೇಡ ಅಂದ್ರೆ ಯಾರಿಗೂ ಲಾಭ ಇಲ್ಲ. ನನ್ನ ಕಣ್ಣು ಹೋಗುತ್ತೆ, ಅಷ್ಟೇ."

"ಮತ್ಯಾಕೆ ಈ ಹಟ? ಕಣ್ಣಿಗೂ ಕಾಣದ ಒಂದು ಚುಕ್ಕೆಗೋಸ್ಕರ..."

"ಪಿಯಾನೂ ಅಷ್ಟೇ ಇದ್ಲು ಮಾರಿಟ್."

ಅವನು ಮತ್ತೆ ಅವಳತ್ತ ತಿರುಗಿದ.

"ಅವಳು ದೊಡ್ಡೋಳಾಗಿ, 'ಮಾಮ, ನಿನಗೆ ಈ ಕಣ್ಣು ಯಾರು ಕೊಟ್ರು' ಅಂತ ಕೇಳ್ತಾಳೆ. ಏನ್ ಹೇಳ್ಲಿ? 'ನಿನ್ನಂಥ ಇನ್ನೊಬ್ಬಳು, ಅವಳನ್ನ ಯಾರೂ ಕರ್ಕೊಂಡು ಹೋಗ್ಲಿಲ್ಲ' ಅನ್ನಲಾ?"

ಮಾರಿಟ್‌ಗೆ ಸಿಟ್ಟು ನೆತ್ತಿಗೇರಿತು.

"ಸರಿ ಹಾಗಾದ್ರೆ! ಕುರುಡನಾಗು! ನಿನ್ನ ದೇವರು ಬಂದು ದಾರಿ ತೋರಿಸ್ಲಿ!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಆರ್ಲೋ ಮೆಟ್ಟಿಲನ್ನು ಕಾಲಲ್ಲಿ ತಡವುತ್ತ ಇಳಿದುಹೋದ. ಅವಳು ಕೈ ಹಿಡಿಯಲು ಓಡಬೇಕಿತ್ತು. ಓಡಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ರೋಡಾ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದಳು.

"ತಪ್ಪು ಮಾಡ್ದೆ ಕಣೇ. ಅವನನ್ನ ಕೇಳದೆ ಹೆಸರು ಕೊಡಬಾರದಿತ್ತು."

"ಇನ್ನೊಂದ್ಸಲ ಕೇಳ್ತೀನಿ ರೋಡಾ. ಕಾಲು ಹಿಡಿದಾದ್ರೂ ಒಪ್ಪಿಸ್ತೀನಿ."

"ಅದನ್ನಂತೂ ಮಾಡ್ಲೇಬೇಡ. ಪ್ರೀತಿಸೋರು ಕೇಳಿದ್ರೆ 'ಇಲ್ಲ' ಅನ್ನೋ ಸ್ವಾತಂತ್ರ್ಯ ಎಲ್ಲಿರುತ್ತೆ? ಆಮೇಲೆ, ನೀನು ಅವನಿಗೆ ಕೊಡ್ತಿದ್ದಿದ್ದಾದ್ರೂ ಏನು? ಕಣ್ಣಾ? ಇದು ಮೊದಲನೇ ಪ್ರಯೋಗ ಮಗಳೇ. ಇದರಿಂದ ಅಪಾಯ ಇದೆಯೋ ಇಲ್ವೋ ಅಂತ ಮಾತ್ರ ನೋಡ್ತಾರೆ. ಕಣ್ಣು ಬರುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ."

ಅದು ನಿಜ. ಮಾರಿಟ್‌ಗೆ ಚೆನ್ನಾಗಿ ಗೊತ್ತಿದ್ದ ನಿಜ. ಪ್ರೀತಿಯ ಭರದಲ್ಲಿ ಅವಳು ಅದನ್ನೇ ಮರೆತಿದ್ದಳು.

ಅಂದೇ ಆಸ್ಪತ್ರೆಗೆ ಫೋನ್ ಮಾಡಿದಳು. "ಓಡರ್ಮಾಟ್ ಅವರು 'ಬೇಡ' ಅಂದ್ರೆ ಬೇಡ. ದಯವಿಟ್ಟು ಮತ್ತೆ ಕೇಳ್ಬೇಡಿ. ಮೊದಲು ಕೇಳಿಸಿದ್ದೇ ನನ್ನ ತಪ್ಪು."

ಚಳಿಗಾಲ ಬಂತು. ಸಂತೆ ಒಳಾಂಗಣಕ್ಕೆ ಹೋಯಿತು. ಚೀಸ್ ಅಂಗಡಿಯಲ್ಲಿ ಈಗ ಕೋಲೆಟ್ ನಿಲ್ಲುತ್ತಿದ್ದಳು. ಮಾರಿಟ್ ಧೈರ್ಯ ಮಾಡಿ ಒಮ್ಮೆ ಹೋದಳು.

"ಅವನಿಗೀಗ ಅಂಚೂ ಮಸುಕಾಗ್ತಿದೆ," ಕೋಲೆಟ್ ತಲೆಯೆತ್ತದೆ ಹೇಳಿದಳು. "ಕಾಯಿಸೋ ಹಾಲಿಗೆ ಕೈಯಿಟ್ಟು ಸುಟ್ಕೊಂಡ. ಈಗ ಅಪ್ಪ ಅವನನ್ನ ಒಲೆ ಹತ್ರ ಬಿಡಲ್ಲ. ಬೇರೇನಾದ್ರೂ ಬೇಕಿತ್ತಾ? ಚೀಸ್ ಬಿಟ್ಟು?"

ಮಾರಿಟ್ ಇಲ್ಲವೆಂದು ತಲೆಯಾಡಿಸಿ ಹೊರಬಂದಳು. ಕಣ್ಣೀರು ಕೆನ್ನೆಯ ಮೇಲೆಯೇ ತಣ್ಣಗೆ ಕೊರೆಯಿತು.

ಎಂಥ ಬದುಕು! ಅವನ ಕಣ್ಣಲ್ಲಿ ಸಾಯುತ್ತಿರುವಂಥದ್ದೇ ಜೀವಕೋಶಕ್ಕೆ ಅವಳು ತಟ್ಟೆಯಲ್ಲಿ ದಿನಾ ಊಟ ಹಾಕುತ್ತಾಳೆ. ಅದು ಅಲ್ಲಿ ಸೊಂಪಾಗಿ ಬೆಳೆಯುತ್ತದೆ. ಅಲ್ಲಿಂದ ಅವನವರೆಗೆ ಮಾತ್ರ ದಾರಿಯಿಲ್ಲ. ದಾರಿ ಕಟ್ಟಿ ನಿಂತವಳು ಹಲ್ಲು ಬಿದ್ದ ಒಂದು ಮಗು. ಆ ಮಗುವನ್ನು ದೂಡಲು ಅವಳಿಗೂ ಕೈ ಬಾರದು!

ಒಂದು ಮಧ್ಯಾಹ್ನ ಪ್ರಯೋಗಾಲಯದ ಕೆಳಗಿನಿಂದ ಫೋನ್ ಬಂತು. "ಯಾರೋ ಓಡರ್ಮಾಟ್ ಅಂತೆ. ನಿಮ್ಮನ್ನ ಕೇಳ್ತಿದಾರೆ."

ಮಾರಿಟ್ ಲಿಫ್ಟಿಗೆ ಕಾಯಲಿಲ್ಲ.

ಅವನು ಸೊರಗಿದ್ದ. ಟೋಪಿಯ ಮೇಲೆ ಹಿಮದ ಪುಡಿ. ಕೈಯಲ್ಲಿ ಬಿಳಿ ಕೋಲು.

"ಬಸ್ಸಲ್ಲಿ ಬಂದೆ," ಅಂದ. "ಆಸ್ಪತ್ರೆಯವರು ಯಾಕೆ ಮತ್ತೆ ಫೋನ್ ಮಾಡ್ಲಿಲ್ಲ ಅಂತ ನಾನೇ ಕೇಳ್ದೆ. ನೀನು ಹೇಳಿದ್ದನ್ನ ಹೇಳಿದ್ರು. ನಾನು ನಿನ್ನ ಬಗ್ಗೆ ಏನೆಲ್ಲ ಅಂದ್ಕೊಂಡಿದ್ದೆ..."

"ಅಂದ್ಕೊಳ್ಳೋ ಹಾಗೇ ನಾನೂ ನಡ್ಕೊಂಡೆ. ಬಾಗಿಲಲ್ಲಿ ನಿಲ್ಸಿ ಆ ಮಾತು ಅಂದ್ನಲ್ಲ... ನನ್ನ ನಾಲಿಗೆಗೆ..."

"ಬಿಡು. ಒಂದು ಕೇಳ್ಲಾ? ನಾನು ಬೇಡ ಅಂದಿದ್ದೇನು ಅಂತ ನೋಡ್ಬೇಕು. ನೋಟ ಇನ್ನೂ ಸ್ವಲ್ಪ ಉಳಿದಿರುವಾಗಲೇ."

ಅವಳು ಅವನನ್ನು ಕರೆದೊಯ್ದು ಸೂಕ್ಷ್ಮದರ್ಶಕದ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿದಳು. ಕಂದು ಬಣ್ಣದ ಜೀವಕೋಶಗಳು ಒಂದಕ್ಕೊಂದು ಆತುಕೊಂಡು, ಹಾಸುಗಲ್ಲು ಜೋಡಿಸಿದಂತೆ ಪರದೆ ತುಂಬಾ ಹರಡಿದ್ದವು. ಆರ್ಲೋ ಕತ್ತು ಓರೆ ಮಾಡಿ ತುಂಬ ಹೊತ್ತು ನೋಡಿದ.

"ಚೆಂದ ಇದೆ," ಅಂದ, ಕೊನೆಗೆ. "ಇಷ್ಟು ಚೆಂದ ಇರುತ್ತೆ ಅಂದ್ಕೊಂಡಿರ್ಲಿಲ್ಲ."

'ಒಪ್ಕೋ... ಒಂದೇ ಒಂದು ಸಲ ಒಪ್ಕೋ...' ಅನ್ನುವ ಮಾತು ಮಾರಿಟ್‌ಳ ತುಟಿಯವರೆಗೆ ಬಂತು. ಅವಳು ಅದನ್ನು ನುಂಗಿದಳು. ವಿಷ ನುಂಗುವುದೂ ಇಷ್ಟು ಕಷ್ಟವಿರಲಿಕ್ಕಿಲ್ಲ.

"ಆದ್ರೂ ನನ್ನ ಕೈಲಾಗಲ್ಲ ಮಾರಿಟ್."

"ಗೊತ್ತು."

"ಇದನ್ನ ಬಿಟ್ಬಿಡು ಅಂತ ನಿನ್ನ ಕೇಳೋಕೂ ಆಗಲ್ಲ. ನನ್ನಂಥವರು ಎಷ್ಟು ಜನ ಇದನ್ನೇ ಕಾಯ್ತಿದಾರೋ..."

"ನೀನು ಕೇಳಿದ್ರೂ ಬಿಡಲ್ಲ. ಆದ್ರೆ ಆರ್ಲೋ, ಈಗ ಪ್ರತಿ ತಟ್ಟೆ ತೆಗೆದಾಗಲೂ ಪಿಯಾ ನೆನಪಾಗ್ತಾಳೆ. ಮೊದಲೆಲ್ಲ ಸಲೀಸಾಗಿ ಕೆಲಸ ಮಾಡ್ತಿದ್ದೆ. ಈಗ ಆಗಲ್ಲ. ಬಿಡೋಕೂ ಆಗಲ್ಲ."

ಗೆದ್ದವರು ಯಾರೂ ಇರಲಿಲ್ಲ. ಸೋತವರು ಇಬ್ಬರೂ ಅಕ್ಕಪಕ್ಕ ನಿಂತಿದ್ದರು.

ಅವಳು ಅವನನ್ನು ಬಸ್ ನಿಲ್ದಾಣದವರೆಗೆ ಬಿಡಲು ಬಂದಳು. ಬೆಂಚಿನ ಮೇಲಿನ ಹಿಮ ಒರೆಸಿ ಇಬ್ಬರೂ ಕೂತರು.

"ಒಂದಿನ ಪೂರ್ತಿ ಕತ್ತಲಾಗ್ಬಹುದು," ಅವನು ಮೆಲ್ಲಗೆ ಅಂದ. "ಆಗ ನಿಂಗೆ ಅನ್ಸುತ್ತೆ, 'ಇವನು ಬೇಕಂತಲೇ ಹೀಗಾದ, ನಾನ್ಯಾಕೆ ಅನುಭವಿಸ್ಬೇಕು' ಅಂತ."

"ಅನ್ಸುತ್ತೆ. ಖಂಡಿತ ಅನ್ಸುತ್ತೆ. ಜಗಳಾನೂ ಆಡ್ತೀನಿ. ಪಾತ್ರೆ ಎಸೆದ್ರೂ ಎಸೆದೇನು!"

"ನನಗೆ ಕಾಣಲ್ಲ, ಹಣೆಗೇ ಬೀಳುತ್ತೆ."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. "ಆರ್ಲೋ... ನಿನ್ನ ಕಣ್ಣು ಉಳಿಸೋಕೆ ನನ್ನಿಂದ ಆಗ್ಲಿಲ್ಲ. ಏನೂ ಮಾಡೋಕಾಗ್ಲಿಲ್ಲ. ಬರೀ ಪ್ರೀತಿಸ್ತೀನಿ. ಅದೂ ಯಾವ ಉಪಯೋಗಕ್ಕೂ ಬರಲ್ಲ..."

ಅವನು ಕೈಗವಸು ತೆಗೆದು, ಗಾಳಿಯಲ್ಲಿ ತಡಕಾಡಿ ಅವಳ ಕೈ ಹುಡುಕಿದ. ಸುಟ್ಟ ಗಾಯ ಇನ್ನೂ ಪೂರ್ತಿ ಮಾಯದ ಅಂಗೈ ಬೆಚ್ಚಗಿತ್ತು.

"ನಾನೂ ಪ್ರೀತಿಸ್ತೀನಿ ಮಾರಿಟ್. ಅದನ್ನ ಹೇಳೋಕೇ ಬಂದೆ. ಜೀವಕೋಶ ನೋಡೋದು ನೆಪ."

ದೂರದಲ್ಲಿ ಬಸ್ಸಿನ ಸದ್ದಾಯಿತು.

"ಬಸ್ ಬಂತಾ? ಯಾವೂರಿಂದು?"

ಹಣೆಯ ಮೇಲೆ ದೊಡ್ಡಕ್ಷರದಲ್ಲಿ ಅವನ ಊರಿನ ಹೆಸರು ಹೊತ್ತ ಬಸ್ಸು ಅವರ ಮುಂದೆಯೇ ಬಂದು ನಿಂತಿತು.

"ನಿನ್ನದಲ್ಲ," ಅಂದಳು ಮಾರಿಟ್.

ಬಾಗಿಲು ತೆರೆಯಿತು. "ಮನ್ರೋ! ಮನ್ರೋಗೆ ಹೋಗೋರು ಯಾರಾದ್ರೂ ಇದೀರಾ?" ಡ್ರೈವರ್ ಕೂಗಿದ. "ಏನಣ್ಣ, ಹತ್ತಲ್ವಾ?"

ಆರ್ಲೋ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಇಲ್ಲಪ್ಪ," ಅಂದ. "ಇದು ನಂದಲ್ವಂತೆ."