ಹನ್ನೆರಡು ಹತ್ತಿಕಾಳು

"ಆ ಬಾಗಿಲ ಹಿಂದ ಯಾರದಾರ್ರೀ?"

ವೆಂಕೂಬಾಯಿ ಥಟ್ಟನೆ ಬಾಗಿಲಿಗೆ ಅಡ್ಡ ನಿಂತಳು!

1946. ಮಾನ್ವಿಯ ಹೆಣ್ಣುಮಕ್ಕಳ ಶಾಲೆಗೆ ಅವಳು ಹೊಸ ಟೀಚರ್. ಕೇಳಿದವನು ರಾಯಚೂರಿನಿಂದ ತಪಾಸಣೆಗೆ ಬಂದಿದ್ದ ಜಗನ್ನಾಥ.

ತಪಾಸಣೆಯ ದಿನ 'ದಡ್ಡ' ಮಕ್ಕಳನ್ನು ಮನೆಯಲ್ಲೇ ಉಳಿಸುವುದು ಶಾಲೆಯ ರೂಢಿ. ಬರಬೇಡವೆಂದರೂ ಅವರಲ್ಲೊಬ್ಬಳಾದ ಸೂಗಮ್ಮ ಬಂದೇ ಬಿಟ್ಟಿದ್ದಳು. ಬಾಗಿಲ ಹಿಂದೆ ನಿಲ್ಲಿಸಿದ್ದು ವೆಂಕೂಬಾಯಿಯೇ.

"ಆಕಿಗೆ ಮಗ್ಗಿ ಬರಂಗಿಲ್ರೀ..." ತಲೆ ತಗ್ಗಿಸಿದಳು.

ಜಗನ್ನಾಥ ಹುಡುಗಿಯನ್ನು ಕರೆದು ನೆಲದ ಮೇಲೆ ಕುಳಿತ. "ಕೈಯಾಗ ಏನದವ್ವಾ?"

"ಹತ್ತಿಕಾಳ್ರೀ. ಬಾಯಿಪಾಠ ಬರದಿದ್ರ ಇವನ್ನ ಇಟ್ಟು ನೋಡು ಅಂತ ಅಕ್ಕೋರು ಕೊಟ್ಟಾರ," ಎಂದು ವೆಂಕೂಬಾಯಿಯತ್ತ ಕೈ ತೋರಿದಳು.

"ನಂಗೂ ಮರತದ. ನಾಕ ಮೂರಲೆ ಎಷ್ಟು? ನೀನ ಕಲಸು."

ಸೂಗಮ್ಮ ನಾಲ್ಕು ನಾಲ್ಕರಂತೆ ಮೂರು ಸಾಲು ಇಟ್ಟು ಎಣಿಸಿದಳು. "ಹನ್ನೆರಡ್ರೀ!" ಪಕ್ಕಕ್ಕೆ ಸರಿದು ನೋಡಿದವಳೇ ಕೂಗಿದಳು, "ಯವ್ವಾ! ಈ ಕಡಿಂದ ಮೂರು ಮೂರರದು ನಾಕು ಸಾಲು! ಕಾಳು ಮಾತ್ರ ಅಷ್ಟ ಅದಾವ್ರೀ!"

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವೆಂಕೂಬಾಯಿಯ ಮೈ ಝುಮ್ಮೆಂದಿತು. ಇಂಥವಳನ್ನೇ ನಾನು ಅಡಗಿಸಿಟ್ಟೆ...? ನೋಡಿದರೆ, ಜಗನ್ನಾಥನ ಕಣ್ಣುಗಳು ತುಂಬಿದ್ದವು!

ಆದರೆ ಅವನು ಒಂದು ಮಾತೂ ಆಡದೆ ಏನೋ ಬರೆದುಕೊಂಡು ಹೊರಟುಹೋದ.

ಹದಿನೈದು ದಿನದ ಮೇಲೆ ಅವಳಿಗೆ ರಾಯಚೂರಿಗೆ ಬರಲು ಹುಕುಂ ಬಂತು. ಅಡಗಿಸಿದ್ದನ್ನೇ ಬರೆದಿದ್ದಾನೆ... ನೌಕರಿ ಹೋಯಿತು! ಆ ತುಂಬಿದ ಕಣ್ಣುಗಳನ್ನು ನಂಬಿದ್ದೇ ಅವಳಿಗೆ ಹೆಚ್ಚು ನೋಯುತ್ತಿತ್ತು.

ರಾಯಚೂರಿನ ದೊಡ್ಡ ಕೋಣೆಯಲ್ಲಿ ನಲವತ್ತು ಮಾಸ್ತರರು ನೆಲದ ಮೇಲೆ ಕುಳಿತಿದ್ದರು. ಎಲ್ಲರ ಮುಂದೆಯೂ ಹನ್ನೆರಡು ಹತ್ತಿಕಾಳು! ದೇವದುರ್ಗದ ಬಿಳಿಗೂದಲಿನ ಮಾಸ್ತರೊಬ್ಬರು ಪಕ್ಕಕ್ಕೆ ಸರಿದು ನೋಡಿ "ಅರೇ!" ಎಂದರು.

"ಈ ಪಾಠ ನಂದಲ್ರೀ. ಈ ವೆಂಕೂಬಾಯೇರದು," ಎಂದ ಜಗನ್ನಾಥ.

ವೆಂಕೂಬಾಯಿ ಎದ್ದು ನಿಂತಳು. "ನಂದೂ ಅಲ್ರೀ... ಸೂಗಮ್ಮಂದು. ನಾ ಆಕಿನ್ನ ಬಾಗಿಲ ಹಿಂದ ನಿಲ್ಲಿಸಿದ್ದೆ." ಎಲ್ಲರ ಮುಂದೆ ಹೇಳಿಯೇ ಬಿಟ್ಟಳು. ಅವನು ಅವಳನ್ನು ನೋಡುತ್ತಲೇ ನಿಂತ.

ಪಾಠ ಮುಗಿದ ಮೇಲೆ ಬೇವಿನ ಮರದಡಿ ಕೇಳಿದಳು, "ಅವತ್ತು ಒಂದು ಮಾತಾದ್ರೂ ಆಡಬಾರ್ದಿತ್ತೇನ್ರೀ?"

"ಬಾಯಿ ಬಿಟ್ಟಿದ್ರ ಬ್ಯಾರೆ ಮಾತು ಬರ್ತಿತ್ರೀ."

"ಯಾವ ಮಾತು...?"

"ನಮ್ಮವ್ವನ್ನ ನಿಮ್ಮ ಮನಿಗೆ ಕರಕೊಂಡು ಬರ್ಲೇನ್ರೀ ಅಂತ."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಬರ್ರಿ... ಈ ಸಲ ಬಾಗಿಲ ಹಿಂದ ನಾ ನಿಂತಿರ್ತೀನಿ."

"ಅಲ್ಲಿದ್ದವರನ್ನ ಹೊರಗ ಕರಿಯೋದು ನಂಗ ಗೊತ್ತದ ಬಿಡ್ರೀ!"