ಅಕ್ಕನಿಗೊಂದು ಕಿಡ್ನಿ

"ಯಾರ್ರೀ ನನ್ನ ಹಂದಿನ ಬೇಡ ಅಂದಿದ್ದು?"

ಪ್ರಯೋಗಾಲಯದ ಬಾಗಿಲು ದಡಾರನೆ ತೆರೆದಾಗ ಅವಳು ಬೆಚ್ಚಿಬಿದ್ದಳು. ಕಿಡ್ನಿ ಕಸಿಗೆಂದು ಹಂದಿ ಸಾಕುವ ಫಾರಂನ ಪಶುವೈದ್ಯ! ಫೋನಿನಲ್ಲಿ ಎಷ್ಟೋ ಸಲ ಕೇಳಿದ ದನಿ. ಮುಖ ನೋಡಿದ್ದು ಇದೇ ಮೊದಲು.

'ಇಷ್ಟು ಮೆತ್ತನೆಯ ಕಣ್ಣುಗಳಲ್ಲಿ ಇಷ್ಟೊಂದು ಕೋಪವೇ...'

"ನಾನೇ," ಎಂದಳು.

"ರಕ್ತದಲ್ಲಿ ವೈರಸ್ ಇಲ್ಲ ಅಂತ ನಿಮ್ಮ ರಿಪೋರ್ಟೇ ಹೇಳುತ್ತಲ್ಲ!"

"ವೈರಸ್ ಕಂಡಿಲ್ಲ, ನಿಜ. ಆದ್ರೆ ಅದರ ಜೊತೆ ಹೋರಾಡಿದ ಪ್ರತಿಕಾಯಗಳು ಸಿಕ್ಕಿವೆ. ಅಂದ್ರೆ ವೈರಸ್ ಒಳಗೆಲ್ಲೋ ಅಡಗಿ ಕೂತಿರಬಹುದು. ಆ ಹಂದಿಯ ಕಿಡ್ನಿ ಮನುಷ್ಯರಿಗೆ ಹಾಕಿದ್ರೆ ಅಲ್ಲಿ ಎಚ್ಚರ ಆಗುತ್ತೆ."

"ಆ ಪ್ರತಿಕಾಯ ತಾಯಿ ಹಾಲಿಂದ ಬಂದಿರಬಹುದಲ್ವಾ?"

"ಎಳೇ ಮರಿ ಆಗಿದ್ರೆ ಒಪ್ತಿದ್ದೆ. ಅದಕ್ಕೀಗ ವರ್ಷ ತುಂಬಿದೆ ರೀ! ತಾಯಿಯಿಂದ ಬಂದದ್ದು ಇಷ್ಟು ದಿನ ಉಳಿಯಲ್ಲ."

ಅವನು ಮೇಜಿಗೆ ಕೈಯೂರಿದ. "ಆ ಕಿಡ್ನಿಗೆ ಕಾಯ್ತಿರೋಳು ನಮ್ಮಕ್ಕ. ಅಮ್ಮ ಹೋದ್ಮೇಲೆ ನನಗೆ ತುತ್ತಿಟ್ಟು ಬೆಳೆಸಿದೋಳು. ನಿಮಗೆ ಕರುಳು ಅನ್ನೋದೇ ಇಲ್ವಾ?"

ಉತ್ತರಕ್ಕೂ ಕಾಯದೆ ಹೊರಟುಹೋದ.

ಆ ವಾರ ಅವಳು ಮತ್ತೆ ಮೂರು ಸಲ ಪರೀಕ್ಷೆ ಮಾಡಿದಳು. 'ಒಂದು ಸಲವಾದರೂ ನನ್ನ ಫಲಿತಾಂಶ ತಪ್ಪಾಗಿರಬಾರದೇ, ದೇವರೇ!' ಪ್ರತಿಕಾಯವಿಲ್ಲದಿದ್ದರೆ ಪರೀಕ್ಷೆಯ ತಟ್ಟೆಯ ಗುಳಿಗಳು ನೀರಿನಂತೆ ತಿಳಿಯಾಗಿರಬೇಕು. ಮೂರು ಸಲವೂ ಅವು ನೀಲಿಯಾದವು.

ಆ ನೀಲಿ ಅವಳ ಕನಸಿಗೂ ಹರಿಯಿತು. ದಡವಿಲ್ಲದ ನೀರು... ಆಚೆಗೆ ಬೆನ್ನು ತಿರುಗಿಸಿ ನಿಂತ ಅವನು... ಕರೆದರೆ ದನಿಯೇ ಹೊರಡದು.

ಎರಡು ತಿಂಗಳ ನಂತರ, ಒಂದು ಬೆಳಗ್ಗೆ, ಬಾಗಿಲು ಮೆಲ್ಲಗೆ ತೆರೆಯಿತು.

"ಆ ಹಂದಿನ ಕೊಯ್ದು ನೋಡಿದ್ವಿ," ಅವನು ತಲೆ ತಗ್ಗಿಸಿದ್ದ. "ಹೊಟ್ಟೆಯೊಳಗೆ, ಗುಲ್ಮದಲ್ಲಿ ವೈರಸ್ ಇತ್ತು. ನೀವು ಅವತ್ತು ನನ್ನ ಸಿಟ್ಟಿಗೆ ಸೋತು ಸಹಿ ಹಾಕಿದ್ದಿದ್ರೆ... ನಮ್ಮಕ್ಕ..."

ಕೈಯಲ್ಲಿದ್ದ ರಕ್ತದ ಪುಟ್ಟ ಸೀಸೆಯನ್ನು ಮುಂದೆ ಚಾಚಿದ. "ಇದು ಇನ್ನೊಂದು ಹಂದಿದು. ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಿ ಬಾಟಲಿ ಹಾಲಲ್ಲಿ ಸಾಕಿದ್ದು. ಈಗ ಕಿಡ್ನಿ ಕೊಡೋ ತೂಕಕ್ಕೆ ಬಂದಿದೆ."

ಫಲಿತಾಂಶಕ್ಕೆ ಕಾಯುತ್ತಾ ಮೂರು ಗಂಟೆ ಇಬ್ಬರೂ ಪಕ್ಕಪಕ್ಕದಲ್ಲೇ ಕುಳಿತರು. ಕಿಟಕಿಯ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು.

ಗುಳಿಗಳು ತಿಳಿಯಾಗಿಯೇ ಉಳಿದವು! ಉಳಿದ ಪರೀಕ್ಷೆಗಳಲ್ಲೂ ಆ ಹಂದಿ ಗೆದ್ದಿತು. ಅವಳು ಸಹಿ ಹಾಕಿದಳು.

ಶಸ್ತ್ರಚಿಕಿತ್ಸೆಯ ದಿನ ಅವನು ಕರೆಯಲಿಲ್ಲ. ಆದರೂ ಅವಳು ಆಸ್ಪತ್ರೆಗೆ ಹೋದಳು. ಸಂಜೆಯ ಹೊತ್ತಿಗೆ ನರ್ಸ್ ಓಡಿಬಂದಳು.

"ಕಿಡ್ನಿ ಕೆಲಸ ಶುರು ಮಾಡ್ತು! ಮೂತ್ರ ಬರ್ತಿದೆ!"

ಅವನು ಮಗುವಿನಂತೆ ಅತ್ತುಬಿಟ್ಟ. ಅಳುತ್ತಲೇ ಅವಳ ಕೈ ಹಿಡಿದುಕೊಂಡಿದ್ದ.

"ಇಷ್ಟು ದಿನ ಸಿಟ್ಟಲ್ಲೇ ನಿಮ್ಮನ್ನ ನೆನೆಸ್ಕೊಳ್ತಿದ್ದೆ," ಎಂದ. "ಸಿಟ್ಟು ಹೋಯ್ತು... ನೆನಪು ಹೋಗ್ತಾನೇ ಇಲ್ಲ."

ಅವಳು ಅವನ ಹಿಡಿತದಲ್ಲಿದ್ದ ತನ್ನ ಕೈಯನ್ನು ನೋಡಿದಳು. "ಕೈ..."

"ಬಿಡ್ಲಾ?"

"ಬೇಡ," ಎಂದಳು ಮೆಲ್ಲಗೆ. "ಸ್ವಲ್ಪ ಸಡಿಲ ಮಾಡು, ಸಾಕು. ನೋಯ್ತಿದೆ ಕಣೋ..."