ಮಲ್ಲಮ್ಮನ ಫಲಕ

"ನಿನ್ನಿ ಇದ್ದದ್ದು ಇವತ್ತ ಎಲ್ಲಿ ಹೋತು?"

ಪ್ರೇಮಕುಮಾರ ಯಾರನ್ನೂ ಕೇಳಲಿಲ್ಲ. ಡೊಳ್ಳಿನ ಪದಗಳನ್ನು ಧ್ವನಿಮುದ್ರಿಸಿ ಕೂಡಿಡುವ ಹುನಗುಂದದ ಆ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಕಂಪ್ಯೂಟರಿನಲ್ಲಿ ಒಬ್ಬೊಬ್ಬ ಹಾಡುಗಾರರಿಗೆ ಒಂದೊಂದು ಫಲಕ. ಬಾಣ ಒತ್ತಿದರೆ ಬಿಚ್ಚುತ್ತದೆ, ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತದೆ. ತಂತ್ರಾಂಶ ಬರೆದವನು ಅವನೇ. ಮಲ್ಲಮ್ಮನ ಫಲಕ ಬಿಚ್ಚಿದ. ಖಾಲಿ. ಬೀರಪ್ಪ ದೇವರ ಮೇಲೆ ಆಕೆ ಹಾಡಿದ್ದ ಪದಕ್ಕೆ ಬೇರೆ ಪ್ರತಿಯಿಲ್ಲ. ಆಕೆಯೂ ಈಗಿಲ್ಲ. ಗಂಡ ಹುಲ್ಲಪ್ಪಜ್ಜ ರಾಮಥಾಳದಿಂದ ಬಸ್ಸು ಹಿಡಿದು ಬರುವುದೇ ಆ ದನಿ ಕೇಳಲಿಕ್ಕೆ.

ಪ್ರೇಮಕುಮಾರ ನವನಗರಕ್ಕೆ ಫೋನು ಹಚ್ಚಿದ. ಗೀತಾಂಜಲಿ ಅಲ್ಲಿ ಕಂಪ್ಯೂಟರ್ ಕಲಿಸುವಾಕೆ. ಡೊಳ್ಳಿನ ಹಾಡುಗಾರನಾಗಿದ್ದ ಅಪ್ಪನ ಪದ ಕೇಳುತ್ತ ಬೆಳೆದವಳು. ಮಾತು ಕಡಿಮೆ, ಕಿವಿ ಚುರುಕು.

*

"ಕಲ್ಲೇಶಂದ ಕೆಲಸ ರೀ ಮೇಡಮ್. ನಿನ್ನಿ ಪೆನ್‌ಡ್ರೈವ್ ಹಿಡಕೊಂಡು ಇಲ್ಲೇ ಸುಳದಾಡ್ತಿದ್ದ," ಎಂದ ಪ್ರೇಮಕುಮಾರ, ಗೀತಾಂಜಲಿ ಬಂದು ಕೂರುತ್ತಲೇ.

ಅದು ಕೇಳಿಸಿ ಪಕ್ಕದ ಝೆರಾಕ್ಸ್ ಅಂಗಡಿಯಿಂದ ಬಂದ ಕಲ್ಲೇಶ ಪೆನ್‌ಡ್ರೈವನ್ನು ಮೇಜಿಗೆ ಕುಕ್ಕಿದ. "ನೋಡಲೇ, ಕಣ್ಣ ತುಂಬ ನೋಡು."

ಒಳಗೆ ತಂಗಿಯ ಮದುವೆ ಫೋಟೋಗಳು, ಅಷ್ಟೆ.

"ಪದ ಕದ್ದು ನಾ ಏನ ಡೊಳ್ಳು ಬಾರಸ್ಲಿ?"

ಗೀತಾಂಜಲಿ ಕೇಳಿದಳು, "ನಿನ್ನಿ ಕಡೀಗೆ ಇಲ್ಲಿ ಕುಂತವರು ಯಾರು?"

"ಹುಲ್ಲಪ್ಪಜ್ಜ," ಎಂದ ಪ್ರೇಮಕುಮಾರ. "ಮೊದಲ್ನೇ ಸಲ ಮೌಸ್ ಅವರ ಕೈಗೇ ಕೊಟ್ಟಿದ್ದೆ. ಅವರು ಹೋದ ಮ್ಯಾಲ ಸೇವ್ ಮಾಡಿ ಬಂದ್ ಮಾಡಿದೆ."

*

ಅಜ್ಜ ಬಂದ. ಗೀತಾಂಜಲಿ ಅವನ ಫಲಕ ಬಿಚ್ಚಿ, ಅವನೇ ಹಾಡಿದ್ದ ಒಂದು ಪದ ಹಚ್ಚಿಕೊಟ್ಟಳು. ಹಾಡು ಮುಗಿಯಿತು. ಅಜ್ಜ ಕೈ ಮುಗಿದು ಬಾಣ ಒತ್ತಿದ. ಫಲಕ ಮಡಚಿಕೊಂಡಿತು.

"ಯಾಕ ಮುಚ್ಚಿದ್ರಿ ಅಜ್ಜಾ?"

"ಪದಾ ಮುಗದ ಮ್ಯಾಲ ಡೊಳ್ಳಿಗೆ ಕಂಬಳಿ ಹೊಚ್ಚತೇವಲ್ಲವಾ. ಇದೂ ಹಂಗ."

ಅವಳು ಸೇವ್ ಒತ್ತಿದಳು. ಫಲಕ ಮತ್ತೆ ಬಿಚ್ಚಿದಳು. ಖಾಲಿ.

"ಕಳ್ಳ ಸಿಕ್ಕ. ನೀನ, ಪ್ರೇಮಕುಮಾರ."

"ನಾನಾ?"

"ಫಲಕ ಮಡಚಿದ್ರ ಒಳಗಿಂದು ಮರೆಯಾಗಬೇಕು, ಅಷ್ಟ. ನಿನ್ನ ಕೋಡ್ ಅದನ್ನ ಕಿತ್ತ ಒಗೀತೈತಿ. ಸೇವ್ ಒತ್ತಿದ್ರ, ಪರದೆ ಮ್ಯಾಲ ಇಲ್ಲದ್ದೆಲ್ಲಾ ಕಸದ ಬುಟ್ಟಿಗೆ. ನೀ ಯಾವಾಗರೆ ಮಡಚಿ ನೋಡೀಯೇನು?"

"ನಾ ಎಲ್ಲಾ ಬಿಚ್ಚೇ ಇಟ್ಟಿರ್ತೇನ್ರಿ."

ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಎರಡೂ ಪದ ಇದ್ದವು. ಅವಳು ಅವನ್ನು ಹಿಂದಕ್ಕೆ ತಂದು, ಒಂದನ್ನು ಹಚ್ಚಿದಳು. ಮಲ್ಲಮ್ಮನ ದನಿ ಕೋಣೆ ತುಂಬಿತು. ಬಾಗಿಲಲ್ಲಿದ್ದ ಕಲ್ಲೇಶ ಚಪ್ಪಲಿ ಬಿಟ್ಟು ಒಳಗೆ ಬಂದ.

"ತಪ್ಪಾತಲೇ," ಎಂದು ಪ್ರೇಮಕುಮಾರ ಅವನ ಕಿವಿಯಲ್ಲಿ ಪಿಸುಗುಟ್ಟಿದ.

"ಚಾ ಕುಡಸು. ಆಮ್ಯಾಲ ನೋಡೂಣು."

ಪದ ಮುಗಿಯಿತು. ಅಜ್ಜ ಗೀತಾಂಜಲಿಯ ತಲೆ ಮುಟ್ಟಿದ. "ಆಕೀನ್ನ ಹೊಳ್ಳಿ ಕರಕೊಂಡ ಬಂದಿ, ನನ್ನವ್ವಾ. ಬೀರಪ್ಪ ನಿನ್ನ ತಣ್ಣಗ ಇಡ್ಲಿ." ಅಪ್ಪನ ಪದಗಳಿಗೆ ಇಷ್ಟು ದಿನ ಹೇಳದೆ ಉಳಿದಿದ್ದ ಶರಣನ್ನು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು.

ಅಜ್ಜನ ಕೈ ಮೌಸಿನತ್ತ ಹೋಯಿತು.

"ಅಜ್ಜಾ, ಕೋಡ್ ತಿದ್ದೂ ತನಕ ಒಂದೆರಡ ದಿನ ಬಿಚ್ಚೇ ಬಿಡ್ರಿ," ಎಂದು ಪ್ರೇಮಕುಮಾರ ಕೇಳಿಕೊಂಡ.

ಅಜ್ಜ ಬಾಣ ಒತ್ತಿದ.

"ಆಗೂದಿಲ್ಲ. ಪದಾ ಮುಗೀತಲ್ಲ."